ಕೋವಿಗೆ ಹೊಸ ಸ್ಟಾಕ್: ಮೊದಲು ಅಳತೆ, ಆಮೇಲೆ ಮರ, ಕೊನೆಗೆ ಬಣ್ಣ

ಕೊಡವರು ಆಯುಧಗಳನ್ನು ಪೂಜಿಸುವ ಸೆಪ್ಟೆಂಬರ್ 3ರ ಕೈಲ್‌ಪೊಳ್ದು ಹಬ್ಬಕ್ಕೆ ಇನ್ನೊಂದು ವಾರವಿದೆ ಎನ್ನುವಾಗ ಕೋವಿಯನ್ನು ಹೊರಗೆ ತೆಗೆದು ಒರೆಸುತ್ತೇವಲ್ಲ, ಕೊಡಗಿನ ಎಷ್ಟೋ ಮನೆಗಳಲ್ಲಿ ಸ್ಟಾಕಿನ, ಅಂದರೆ ನಳಿಗೆಯನ್ನು ಹೊತ್ತು ಹೆಗಲಿಗೆ ಊರುವ ಮರದ ಭಾಗದ ಬಿರುಕು ಮೊದಲ ಸಲ ಕಣ್ಣಿಗೆ ಬೀಳುವುದು ಆಗಲೇ. ಜೂನ್‌ನಿಂದ ಮೂರು ತಿಂಗಳು ತೇವ ಕುಡಿದ ಮರ ಹಿಡಿಯ ಸಣ್ಣ ಭಾಗದಲ್ಲಿ ಸೀಳಿರುತ್ತದೆ, ಇಲ್ಲವೇ ಯಂತ್ರಭಾಗ ಕೂರುವ ಸಂದಿನ ಹಿಂದೆ ಕೂದಲೆಳೆಯಂಥ ಗೆರೆಯೊಂದು ಕಾಣಿಸುತ್ತದೆ. ಹೊಸ ಸ್ಟಾಕ್ ಹಾಕಿಸೋಣವೆಂದು ತೀರ್ಮಾನವಾದ ಕೂಡಲೇ ಮನೆಯಲ್ಲಿ ಶುರುವಾಗುವ ಚರ್ಚೆ ಸಾಮಾನ್ಯವಾಗಿ ಬಣ್ಣದ್ದು. ಅಜ್ಜನ ಕಾಲದ ಕಂದು ಬಣ್ಣವೇ ಇರಲಿ ಎಂದು ಹಿರಿಯರು ಹೇಳಿದರೆ, ಕಪ್ಪು ಫೈಬರ್ ಹಾಕಿಸಿದರೆ ಮಳೆಯ ಚಿಂತೆಯೇ ಇಲ್ಲ ಎಂದು ಕಿರಿಯರು ಹೇಳುತ್ತಾರೆ. ಈ ಚರ್ಚೆ ಕೊನೆಯಲ್ಲಿ ಆಗಬೇಕಾದದ್ದು ಎಂಬುದು ನನ್ನ ಅಭಿಪ್ರಾಯ. ಬಣ್ಣವೆಂಬುದು ಬಹುಮಟ್ಟಿಗೆ ಮರದ ಜಾತಿಯಿಂದಲೂ ಅದರ ಮೇಲೆ ಕೊಡುವ ಲೇಪದಿಂದಲೂ ತಾನಾಗಿಯೇ ಬರುತ್ತದೆ. ಆ ಎರಡನ್ನೂ ಕೋವಿಯ ಒದೆತ, ಹೊಡೆಯುವವರ ಮೈಕಟ್ಟು ಮತ್ತು ನಮ್ಮ ಊರಿನ ಮಳೆ ಸೇರಿ ತೀರ್ಮಾನಿಸಬೇಕು.

ಆಯ್ಕೆಗೆ ಇಳಿಯುವ ಮೊದಲು ಎರಡು ಮಾತುಗಳನ್ನು ಮುಗಿಸಿಬಿಡುತ್ತೇನೆ. ಒಂದು, ಎಲ್ಲ ಬಿರುಕಿಗೂ ಹೊಸ ಸ್ಟಾಕ್ ಬೇಕಿಲ್ಲ. ಎಳೆಯ ಉದ್ದಕ್ಕೆ ಬಿಟ್ಟಿರುವ, ಒತ್ತಿದರೆ ಮುಚ್ಚಿಕೊಳ್ಳುವ ಬಿರುಕನ್ನು ಎಣ್ಣೆಯಂಶ ತೆಗೆದು, ಎಪಾಕ್ಸಿ ಅಂಟು ಇಳಿಸಿ, ಒಳಗಿನಿಂದ ಒಂದು ಪಿನ್ನು ಕೂರಿಸಿ ಕಟ್ಟಿದರೆ ಬಹುಕಾಲ ಬಾಳುತ್ತದೆ. ಹಿಡಿಯನ್ನು ಅಡ್ಡಡ್ಡವಾಗಿ ದಾಟಿದ ಬಿರುಕಿಗೆ ಮಾತ್ರ ಆ ಭರವಸೆ ಇಲ್ಲ. ಎರಡು, ಕಾನೂನಿನ ವಿಷಯ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ 2029ರವರೆಗೆ ಮುಂದುವರಿಸಿರುವ ಪರವಾನಗಿಯ ವಿನಾಯಿತಿ ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಮತ್ತು ಒಯ್ಯುವುದಕ್ಕೆ ಸಂಬಂಧಿಸಿದ್ದು. ಕೋವಿಯ ರಿಪೇರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಪ್ರಕರಣದಡಿ ಬೇರೆಯೇ ಪರವಾನಗಿ ಬೇಕು. ಆದ್ದರಿಂದ ಊರಿನ ಬಡಗಿ ಎಷ್ಟೇ ಕುಶಲಿಯಾಗಿದ್ದರೂ ಕೋವಿಯನ್ನು ಅವನ ಅಂಗಳದಲ್ಲಿ ಬಿಟ್ಟುಬರಬಾರದು. ಪರವಾನಗಿ ಇರುವ ಅಂಗಡಿಗೇ ಕೊಡಬೇಕು. ಶಸ್ತ್ರಗಳ ಬಿಡಿಭಾಗಗಳೂ ಕಾಯ್ದೆಯ ವ್ಯಾಖ್ಯೆಯೊಳಗೆ ಬರುವುದರಿಂದ, ಹೊರದೇಶದಲ್ಲಿರುವ ನೆಂಟರಿಗೆ ಹೇಳಿ ಸ್ಟಾಕ್ ತರಿಸುವ ಯೋಚನೆ ಇದ್ದರೆ ಮೊದಲು ಅದೇ ಅಂಗಡಿಯಲ್ಲಿ ವಿಚಾರಿಸುವುದು ಲೇಸು.

ಇನ್ನು ಆಕಾರ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಜೋಡಿ ನಳಿಗೆಯ 12 ಬೋರ್ ತೋಟೆ ಕೋವಿ, .22 ರೈಫಲ್ ಮತ್ತು ಕೆಲವು ಕಡೆ ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್ ಮಾದರಿಯ .315 ರೈಫಲ್. ಈ ಮೂರಕ್ಕೂ ಒಂದೇ ಆಕಾರ ಒಗ್ಗುವುದಿಲ್ಲ.

ಜೋಡಿ ನಳಿಗೆಯ ಕೋವಿಗೆ ಎರಡು ಟ್ರಿಗರ್ ಇದ್ದರೆ ನೇರ ಹಿಡಿಯ ಇಂಗ್ಲಿಷ್ ಮಾದರಿಯೇ ಸರಿ. ಮುಂದಿನ ಟ್ರಿಗರ್ ಎಳೆದ ಮೇಲೆ ಹಿಂದಿನದಕ್ಕೆ ಬರಲು ಕೈ ಸ್ವಲ್ಪ ಹಿಂದೆ ಸರಿಯಬೇಕಾಗುತ್ತದೆ. ಬಾಗಿದ ಪಿಸ್ತೂಲು ಹಿಡಿ ಆ ಸರಿದಾಟಕ್ಕೆ ಅಡ್ಡಿ. ನೋಟಕ್ಕೆ ಗಟ್ಟಿಮುಟ್ಟಾಗಿದೆ ಎಂದು ದಪ್ಪನೆಯ ಪಿಸ್ತೂಲು ಹಿಡಿ ಹಾಕಿಸಿಕೊಂಡು, ಎರಡನೆಯ ಗುಂಡು ಹೊಡೆಯಲು ಬೆರಳು ತಡಕಾಡುವವರನ್ನು ನೋಡಿದ್ದೇನೆ. ಒಂದೇ ಟ್ರಿಗರಿನ ಕೋವಿಗೂ ರೈಫಲ್‌ಗೂ ಪಿಸ್ತೂಲು ಹಿಡಿ ಅಥವಾ ಅರ್ಧ ಪಿಸ್ತೂಲು ಹಿಡಿ ಮಣಿಕಟ್ಟಿಗೆ ಹಿತ. ಹೆಬ್ಬೆರಳು ತೂರಿಸುವ ರಂಧ್ರವಿರುವ ಸ್ಟಾಕ್ ನಿಧಾನವಾಗಿ ಗುರಿಯಿಟ್ಟು ಹೊಡೆಯುವವರಿಗೆ ಒಳ್ಳೆಯದೇ. ಆದರೆ ಅದನ್ನು ಎಡಗೈಯವರಿಗೆ ಮಾಡಿದರೆ ಬಲಗೈಯವರಿಗೆ ಆಗದು, ಬಲಗೈಯವರಿಗೆ ಮಾಡಿದರೆ ಎಡಗೈಯವರಿಗೆ ಆಗದು. ಹಬ್ಬದ ದಿನ ಒಂದೇ ರೈಫಲ್ ಹತ್ತು ಕೈ ದಾಟುವ ಐನ್‌ಮನೆಯಲ್ಲಿ, ಅಂದರೆ ಕುಲದ ಮೂಲಮನೆಯಲ್ಲಿ, ಅಂಥ ಸ್ಟಾಕ್ ಜಗಳಕ್ಕೆ ಮೂಲ.

ಬಟ್ಟಿನ, ಅಂದರೆ ಸ್ಟಾಕಿನಲ್ಲಿ ಹೆಗಲಿಗೆ ಊರುವ ಹಿಂಭಾಗದ ಉದ್ದದ ಬಗ್ಗೆ ತುಸು ನಿಂತು ಯೋಚಿಸಬೇಕು, ಏಕೆಂದರೆ ಹೊಸ ಸ್ಟಾಕ್ ಹಾಕಿಸಿದವರು ಹೆಚ್ಚಾಗಿ ಎಡವುವುದು ಇಲ್ಲೇ. ಟ್ರಿಗರಿನಿಂದ ಬಟ್ಟಿನ ಹಿಂಬದಿಯ ನಡುಭಾಗದವರೆಗಿನ ಅಳತೆ ಸಾಮಾನ್ಯವಾಗಿ ಹದಿಮೂರೂವರೆಯಿಂದ ಹದಿನಾಲ್ಕು ಅಂಗುಲದ ಆಸುಪಾಸಿನಲ್ಲಿರುತ್ತದೆ. ಇದು ಸುಮಾರಾದ ಎತ್ತರದ ಗಂಡಸಿನ ಅಳತೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳಲ್ಲಿ ಹೆಂಗಸರೂ ಪಾಲುಗೊಳ್ಳುವ ನಮ್ಮಲ್ಲಿ ಅದೇ ಅಳತೆಯನ್ನು ಎಲ್ಲರ ಮೇಲೂ ಹೇರಿದರೆ, ಗಿಡ್ಡ ಕೈಯವರು ಬಟ್ಟನ್ನು ಹೆಗಲ ಗುಳಿಯಿಂದ ಹೊರಗೆ, ತೋಳಿನ ಮೇಲೆ ಇಟ್ಟುಕೊಂಡು ಹೊಡೆಯುತ್ತಾರೆ. 12 ಬೋರ್ ಆದರೆ ಸಂಜೆಗೆ ತೋಳು ನೀಲಿಗಟ್ಟುತ್ತದೆ. ಲೀ-ಎನ್‌ಫೀಲ್ಡ್ ರೈಫಲ್‌ಗಳನ್ನು ಮಾಡಿಸಿದ ಸೈನ್ಯದವರಿಗೂ ಈ ತೊಂದರೆ ಗೊತ್ತಿತ್ತು. ಒಂದೇ ರೈಫಲ್‌ಗೆ ಅರ್ಧರ್ಧ ಅಂಗುಲ ವ್ಯತ್ಯಾಸದ ನಾಲ್ಕು ಬಟ್ಟುಗಳನ್ನು ಅವರು ಮಾಡಿಸಿದ್ದರು: ಉದ್ದದ್ದಕ್ಕೆ 'ಎಲ್', ಗಿಡ್ಡದ್ದಕ್ಕೆ 'ಎಸ್', ಅದಕ್ಕಿಂತ ಗಿಡ್ಡದ್ದಕ್ಕೆ 'ಬಿ' ಎಂಬ ಅಚ್ಚು ಇರುತ್ತಿತ್ತು, ಸಾಮಾನ್ಯ ಅಳತೆಯದ್ದಕ್ಕೆ ಹೆಚ್ಚಾಗಿ ಅಚ್ಚೇ ಇರುತ್ತಿರಲಿಲ್ಲ. ಹಳೆಯ ಬಟ್ಟನ್ನು ಬದಲಿಸುವವರು ಮೊದಲು ಆ ಅಕ್ಷರಕ್ಕಾಗಿ ಹುಡುಕಿ ನೋಡಲಿ. ಅಜ್ಜನಿಗೆ ಸರಿಹೊಂದಿದ್ದು ಯಾವ ಅಳತೆ ಎಂಬುದು ಅದರಿಂದಲೇ ತಿಳಿಯುತ್ತದೆ.

ಮೊಣಕೈ ಮಡಿಸಿ ಬಟ್ಟನ್ನು ಅದರ ಸಂದಿಗಿಟ್ಟು, ಬೆರಳು ಟ್ರಿಗರಿಗೆ ಎಟುಕಿದರೆ ಅಳತೆ ಸರಿ ಎಂದು ಹೇಳುವ ರೂಢಿಯಿದೆ. ಅದು ಒರಟು ಲೆಕ್ಕ. ಇದಕ್ಕಿಂತ ನಂಬಬಹುದಾದ ಪರೀಕ್ಷೆ ಹೀಗಿದೆ: ಕೋವಿ ಖಾಲಿಯಿದೆ ಎಂದು ಎರಡು ಸಲ ನೋಡಿಕೊಂಡು, ಕಣ್ಣು ಮುಚ್ಚಿ ಹೆಗಲಿಗೇರಿಸಿ, ಕೆನ್ನೆಯನ್ನು ಮರಕ್ಕೆ ಊರಿ, ಆಮೇಲೆ ಕಣ್ಣು ತೆರೆಯಬೇಕು. ಮೂಗಿಗೂ ಹಿಡಿ ಸುತ್ತಿದ ಹೆಬ್ಬೆರಳಿಗೂ ನಡುವೆ ಎರಡು ಬೆರಳಿನಷ್ಟು ಜಾಗ ಇರಬೇಕು, ಕುತ್ತಿಗೆ ಚಾಚಬೇಕಾಗಿ ಬರಬಾರದು, ಗುರಿ ನೋಡುವ ಸೈಟ್ ಕಣ್ಣಿನ ನೇರಕ್ಕೆ ತಾನೇ ಬಂದಿರಬೇಕು. ಪಂದ್ಯದ ದಿನ ತೊಡುವ ಬಟ್ಟೆಯನ್ನೇ ತೊಟ್ಟು ನೋಡುವುದು ಒಳ್ಳೆಯದು. ತೆಳುವಾದ ಅಂಗಿಗೂ ದಪ್ಪ ಸ್ವೆಟರಿಗೂ ಕಡಿಮೆಯೆಂದರೂ ಕಾಲಂಗುಲದ ವ್ಯತ್ಯಾಸ ಬರುತ್ತದೆ. ಒಂದೇ ಕೋವಿಯನ್ನು ಹಲವರು ಬಳಸುವ ಮನೆಯಾದರೆ, ಬಟ್ಟನ್ನು ಗಿಡ್ಡ ಕೈಯವರಿಗೆ ಹೊಂದುವಂತೆ ಮಾಡಿಸಿ, ಉದ್ದ ಕೈಯವರಿಗಾಗಿ ತೊಡಿಸಿ ತೆಗೆಯಬಹುದಾದ ರಬ್ಬರ್ ಪ್ಯಾಡ್ ಇಟ್ಟುಕೊಳ್ಳುವುದು ಜಾಣತನ. ಇದಕ್ಕೆ ವಿರುದ್ಧವಾಗಿ ಉದ್ದದ ಬಟ್ಟನ್ನು ಗಿಡ್ಡ ಮಾಡಬೇಕಾದರೆ ಗರಗಸವೇ ಬೇಕು.

ಕೆನ್ನೆ ಊರುವ ಏಣಿನ ಎತ್ತರ ಎರಡನೆಯ ಅಳತೆ. ಬರಿ ಲೋಹದ ಸೈಟ್ ಇರುವ ರೈಫಲ್‌ಗೆ ತಗ್ಗಿದ ಏಣು ಬೇಕು. ದುರ್ಬೀನಿನಂಥ ಸ್ಕೋಪ್ ಕೂರಿಸಿದ್ದರೆ ಕಣ್ಣು ಮೇಲೇರುವುದರಿಂದ ಏಣೂ ಏರಬೇಕು. ಮಾಂಟೆ ಕಾರ್ಲೊ ಎಂದು ಕರೆಯುವ ಉಬ್ಬಿದ ಏಣಿನ ಮಾದರಿಯನ್ನು ರೈಫಲ್‌ಗಳಲ್ಲಿ ಬಳಸುವುದು ಈ ಅಗತ್ಯಕ್ಕೇ. ಸ್ಕೋಪ್ ಇಲ್ಲದವರು ಅಂದಕ್ಕಾಗಿ ಅದನ್ನು ಆರಿಸಿಕೊಂಡರೆ, ಸೈಟ್ ಕಾಣಲು ಕೆನ್ನೆಯನ್ನು ಒತ್ತಿ ಒತ್ತಿ ಇಳಿಸಬೇಕಾಗುತ್ತದೆ. 12 ಬೋರಿನಲ್ಲಿ ಹಿಂದಿನ ಸೈಟ್ ಇಲ್ಲದಿರುವುದರಿಂದ ಹೊಡೆಯುವವನ ಕಣ್ಣೇ ಹಿಂದಿನ ಸೈಟ್. ಏಣು ಎತ್ತರವಾದಷ್ಟೂ ತೋಟೆಯೊಳಗಿನ ಸಣ್ಣ ಗುಂಡುಗಳಾದ ಚೆರೆಗಳು ಮೇಲಕ್ಕೆ ಹೋಗುತ್ತವೆ, ತಗ್ಗಾದಷ್ಟೂ ಕೆಳಕ್ಕೆ. ಹಳೆಯ ಸ್ಟಾಕಿನಲ್ಲಿ ಗುರಿ ಸರಿಯಾಗಿಯೇ ಬೀಳುತ್ತಿದ್ದರೆ, ಹೊಸದಕ್ಕೆ ಏಣಿನ ಅಳತೆಯನ್ನು ಕೂದಲೆಳೆಯಷ್ಟೂ ಬದಲಿಸಬೇಡಿ.

ಮುಂಭಾಗದ ಮರದ ವಿಷಯವನ್ನು ಬೇಗ ಮುಗಿಸಬಹುದು. ನಿಂತು ಹೊಡೆಯುವವರಿಗೆ ಸ್ವಲ್ಪ ಅಗಲವಾದ, ತಳ ಚಪ್ಪಟೆಯಾದ ಮರ ಅಂಗೈಯಲ್ಲಿ ನಿಲ್ಲುತ್ತದೆ. ತೋಟದಲ್ಲಿ ಹೊತ್ತು ತಿರುಗುವವರಿಗೆ ತೆಳುವಾದದ್ದು ಹಗುರ.

ಈಗ ಮರದ ಜಾತಿ. ಸ್ಟಾಕಿಗೆ ಜಗತ್ತಿನಾದ್ಯಂತ ಮೊದಲ ಮರ್ಯಾದೆ ಅಕ್ರೋಟು ಮರಕ್ಕೆ. ಘನ ಮೀಟರಿಗೆ ಸುಮಾರು 640 ಕಿಲೋ ತೂಗುವ ಅದು ಹಗುರವೂ ಹೌದು, ಏಟು ತಡೆಯುವುದೂ ಹೌದು, ಒಣಗಿದ ಮೇಲೆ ಅಲುಗಾಡುವುದು ಕಡಿಮೆ, ಸಣ್ಣ ಗೀರುಗಳ ಕೆತ್ತನೆಯನ್ನು ಚೂಪಾಗಿ ಹಿಡಿದಿಡುತ್ತದೆ. ನಮ್ಮ ದೇಶದಲ್ಲಿ ಅದು ಬೆಳೆಯುವುದು ಕಾಶ್ಮೀರ, ಹಿಮಾಚಲದ ಕಡೆ. ಇಲ್ಲಿಗೆ ಬರುವಷ್ಟರಲ್ಲಿ ಬೆಲೆ ಏರಿರುತ್ತದೆ. ಹಾಗಾಗಿ ಕೊಡಗಿನವರ ಮನಸ್ಸು ಸಹಜವಾಗಿ ತೋಟದ ಅಂಚಿನ ಬೀಟೆಯ ಕಡೆಗೋ ತೇಗದ ಕಡೆಗೋ ಹೊರಳುತ್ತದೆ.

ಬೀಟೆಯ ಚೆಲುವಿಗೆ ಸಮಾನವಾದದ್ದು ಇಲ್ಲ ಎಂದು ನಾನೂ ಒಪ್ಪುತ್ತೇನೆ. ನೇರಳೆ ಮಿಶ್ರಿತ ಕಂದಿನಲ್ಲಿ ಕಪ್ಪು ಗೆರೆಗಳು ಹರಿದ ಬೀಟೆಯ ಬಟ್ಟನ್ನು ಒಮ್ಮೆ ಕೈಯಲ್ಲಿ ಹಿಡಿದವರು ಬೇರೆ ಮರವನ್ನು ಸುಲಭಕ್ಕೆ ಮೆಚ್ಚುವುದಿಲ್ಲ. ಆದರೆ ಅದರ ತೂಕ ಘನ ಮೀಟರಿಗೆ ಸುಮಾರು 830 ಕಿಲೋ. ಸ್ಟಾಕಿನಲ್ಲಿ ಉಳಿಯುವ ಮರ ಒಂದೂಕಾಲು ಲೀಟರಿನಷ್ಟು ಎಂದುಕೊಂಡರೆ, ಅಕ್ರೋಟಿಗಿಂತ ಹೆಚ್ಚುಕಡಿಮೆ ಕಾಲು ಕಿಲೋ ಹೆಚ್ಚಾಗುತ್ತದೆ. 12 ಬೋರಿನಲ್ಲಿ ಆ ಕಾಲು ಕಿಲೋ ಒದೆತವನ್ನು ಸ್ವಲ್ಪ ನುಂಗಿಕೊಳ್ಳುವುದು ಲಾಭವೇ, ಹಗುರ ನಳಿಗೆಯ.22ರಲ್ಲಿ ತೂಕವೆಲ್ಲ ಹಿಂದಕ್ಕೆ ಬಂದು ಮೂತಿ ಮೇಲೇಳುವುದು ನಷ್ಟ. ಇನ್ನೊಂದು ತೊಡಕನ್ನು ಮೊದಲೇ ತಿಳಿದಿರಬೇಕು. ಬೀಟೆಯ ಒಳಗಿನ ಎಣ್ಣೆಯಂಶ ಅಗಸೆ ಎಣ್ಣೆಯನ್ನು ಒಣಗಲು ಬಿಡುವುದಿಲ್ಲ. ವಾರಗಟ್ಟಲೆ ಕಾದರೂ ಕೈಗೆ ಅಂಟುತ್ತದೆ. ಮೊದಲು ಅರಗಿನ ಪಾಲಿಶ್‌ನ ತೆಳು ಪದರ ಕೊಟ್ಟು, ಅದರ ಮೇಲೆ ಬೇರೆ ಲೇಪ ಕೊಡಬೇಕಾಗುತ್ತದೆ. ಇನ್ನು ಮರ ಕಡಿಯುವ ಪ್ರಶ್ನೆ: ಕೊಡಗಿನ ಜಮೀನುಗಳಲ್ಲಿ ರಿಡೀಮ್ಡ್ (ಮರಗಳ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡದ್ದು), ಅನ್‌ರಿಡೀಮ್ಡ್ (ಕಟ್ಟದೆ ಉಳಿದದ್ದು) ಎಂಬ ಭೇದವಿರುವುದರಿಂದ ನಮ್ಮ ತೋಟದಲ್ಲಿ ನಿಂತ ಬೀಟೆ ನಮ್ಮದೇ ಆಗಿರಬೇಕೆಂದಿಲ್ಲ. ದಾಖಲೆಯನ್ನೂ ಅರಣ್ಯ ಇಲಾಖೆಯ ಅನುಮತಿಯನ್ನೂ ನೋಡದೆ ಕೊಡಲಿ ಎತ್ತಬಾರದು. ಹಳೆಯ ಮನೆ ಬಿಚ್ಚಿದಾಗ ಸಿಗುವ ಬೀಟೆಯ ತೊಲೆ ಈ ಎಲ್ಲ ರಗಳೆಯಿಂದ ದೂರ, ಮೇಲಾಗಿ ದಶಕಗಳ ಕಾಲ ಒಣಗಿದ ಮರ. ಮೊಳೆಯ ತೂತುಗಳಿಲ್ಲದ ತುಂಡು ಸಿಕ್ಕರೆ ಅದನ್ನೇ ಆರಿಸಿ. 2017ರಿಂದ ಬೀಟೆಯೂ ಸೇರಿ ಅದರ ಕುಲದ ಹೆಚ್ಚುಕಡಿಮೆ ಎಲ್ಲ ಮರಗಳೂ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟ್ಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿವೆ ಎಂಬುದನ್ನು ವಿದೇಶಕ್ಕೆ ಒಯ್ಯುವವರು ನೆನಪಿಡಬೇಕು.

ತೇಗ ನೀರಿಗೆ ಅಂಜುವ ಮರವಲ್ಲ; ದೋಣಿಗೂ ಬಾಗಿಲಿಗೂ ಅದನ್ನು ಬಳಸುವುದು ಅದಕ್ಕೇ. ಆದರೆ ಸ್ಟಾಕಿಗೆ ಬೇಕಾದದ್ದು ನೀರನ್ನು ತಡೆಯುವ ಗುಣ ಮಾತ್ರವಲ್ಲ, ಹಠಾತ್ ಏಟನ್ನು ತಾಳುವ ಗುಣವೂ ಹೌದು, ಅಲ್ಲಿ ತೇಗ ಅಕ್ರೋಟಿಗೆ ಸಾಟಿಯಲ್ಲ. ಎಳೆಗುಂಟ ಸೀಳುವ ಸ್ವಭಾವ ಅದಕ್ಕಿದೆ. .22ಕ್ಕೆ ಧಾರಾಳವಾಗಿ ಸಾಕು. 12 ಬೋರಿನ ತೆಳುವಾದ ಹಿಡಿಗೆ ನಾನು ತೇಗವನ್ನು ಹೇಳುವುದಿಲ್ಲ. ಹಲಸಿನ ಮರವನ್ನು ಯಾರೂ ಗಣನೆಗೆ ತೆಗೆದುಕೊಳ್ಳುವುದಿಲ್ಲವೆಂಬುದು ನನ್ನ ಸಣ್ಣ ದೂರು. ವೀಣೆಯ ಕೊಡಕ್ಕೂ ಮೃದಂಗಕ್ಕೂ ಆರಿಸುವ ಮರ ಅದು. ಹಗುರ, ಕೆತ್ತಲು ಸುಲಭ, ಮೊದಲು ಅರಿಶಿನದಂತಿದ್ದು ಬೆಳಕು ಬಿದ್ದಂತೆಲ್ಲ ಕೆಂಪುಗಂದಿಗೆ ತಿರುಗುತ್ತದೆ. ಒದೆತವೇ ಇಲ್ಲವೆನ್ನಬಹುದಾದ .22ಕ್ಕೂ ಏರ್‌ಗನ್ನಿಗೂ ಹಲಸು ಅಗ್ಗದ, ಅಂದದ ಆಯ್ಕೆ. ಏರ್‌ಗನ್ನುಗಳಲ್ಲಿ ಸಾಮಾನ್ಯವಾಗಿ ಬರುವ ಬೀಚ್ ಮರ ಗಟ್ಟಿ, ಆದರೆ ತನ್ನದೇ ಬಣ್ಣವಿಲ್ಲದ ಪೇಲವ ಮರ. ಬೇಕಾದ ಬಣ್ಣ ಹಾಕಿಸಿಕೊಳ್ಳುವವರಿಗೆ ಅದೇ ಅನುಕೂಲ.

ಯಾವ ಜಾತಿಯ ಮರವೇ ಆಗಲಿ, ಹಿಡಿಯ ಸಣ್ಣ ಭಾಗದಲ್ಲಿ ಎಳೆ ನೇರವಾಗಿ ಉದ್ದಕ್ಕೆ ಓಡಿರಬೇಕು. ಸುಳಿ, ಗಂಟು, ಚಿತ್ತಾರಗಳೆಲ್ಲ ಬಟ್ಟಿನ ಅಗಲವಾದ ಭಾಗದಲ್ಲಿದ್ದರೆ ಶೋಭೆ; ಹಿಡಿಯಲ್ಲಿದ್ದರೆ ಮುಂದಿನ ಬಿರುಕಿಗೆ ಈಗಲೇ ಗೆರೆ ಎಳೆದಂತೆ. ಹಸಿ ಮರ ಒಣಗಲು ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬ ಲೆಕ್ಕ ಹಿಡಿದರೆ, ಎರಡೂವರೆ ಅಂಗುಲದ ಹಲಗೆಗೆ ಎರಡು ಮೂರು ವರ್ಷ ಬೇಕು. ಮಡಿಕೇರಿಯ ಸುತ್ತ ವರ್ಷಕ್ಕೆ 3000 ಮಿ.ಮೀ. ದಾಟಿ ಸುರಿಯುವ ಮಳೆಯಲ್ಲಿ ಆ ಲೆಕ್ಕವೂ ಬಿಗಿಯಾದೀತು.

ಒಂಟಿ ಮರದ ತುಂಡು ಬೇಡವೆನ್ನುವವರಿಗೆ ಎರಡು ದಾರಿಗಳಿವೆ. ಬರ್ಚ್ ಮರದ ತೆಳುವಾದ ಹಾಳೆಗಳಿಗೆ ಬಣ್ಣ ಕುಡಿಸಿ, ಅಂಟಿನಿಂದ ಒತ್ತಿ ಮಾಡುವ ಪದರ ಸ್ಟಾಕ್ ಮಳೆಗಾಲದಲ್ಲಿ ಒಂಟಿ ಮರದಂತೆ ತಿರುಚಿಕೊಳ್ಳುವುದಿಲ್ಲ. ತೂಕ ಮಾತ್ರ ಅಕ್ರೋಟಿಗಿಂತ ಹೆಚ್ಚು. ಕೆತ್ತಿದ ಕಡೆಯೆಲ್ಲ ಪದರಗಳು ಗದ್ದೆಯ ಏರಿಗಳಂತೆ ಗೆರೆಗೆರೆಯಾಗಿ ಕಾಣುತ್ತವೆ. ಬೂದು, ಕಂದು ಪದರಗಳು ಕಣ್ಣಿಗೆ ತಂಪು. ಕೆಂಪು-ನೀಲಿ ಪದರಗಳು ಅಂಗಡಿಯ ಗಾಜಿನ ಹಿಂದೆ ಚೆನ್ನ, ಕೊಡವರ ಕಪ್ಪು ನಿಲುವಂಗಿ ಕುಪ್ಯ, ಕೆಂಪು ಸೊಂಟಪಟ್ಟಿ ಚೇಲೆ ತೊಟ್ಟವರ ಹೆಗಲ ಮೇಲೆ ಅಷ್ಟು ಚೆನ್ನಲ್ಲ. ಇದು ನನ್ನ ರುಚಿಯ ಮಾತು. ಎರಡನೆಯದು ಫೈಬರ್. ಅದರಲ್ಲೂ ಎರಡು ತರಗತಿಗಳಿವೆ: ಅಚ್ಚಿನಲ್ಲಿ ಎರಕ ಹೊಯ್ದ ಅಗ್ಗದ ನೈಲಾನ್ ಸ್ಟಾಕ್ ಒಳಗೆ ಟೊಳ್ಳು, ತಟ್ಟಿದರೆ ಡಬ್ಬದಂತೆ ಸದ್ದು ಮಾಡುತ್ತದೆ, ಮುಂಭಾಗವನ್ನು ಹೆಗಲಿಗೆ ಹಾಕುವ ಪಟ್ಟಿಯಿಂದ ಎಳೆದರೆ ಬಾಗಿ ನಳಿಗೆಗೆ ತಾಗುತ್ತದೆ, ಗಾಜಿನ ನಾರಿನ ಬಟ್ಟೆಯನ್ನು ಕೈಯಿಂದ ಪದರ ಪದರವಾಗಿ ಹಾಸಿ ಮಾಡಿದ್ದು ಬಿಗಿಯಾಗಿರುತ್ತದೆ, ಬೆಲೆಯೂ ಹಾಗೆಯೇ. ಮಳೆಯೊಂದನ್ನೇ ನೋಡುವುದಾದರೆ ಫೈಬರ್ ಗೆಲ್ಲುತ್ತದೆ ಎಂಬುದರಲ್ಲಿ ವಾದವಿಲ್ಲ. ಪಂದ್ಯಗಳಿಗೆಂದೇ ಮಾಡಿದ ಅಲ್ಯೂಮಿನಿಯಂ ಸ್ಟಾಕ್‌ಗಳು, ಅಂದರೆ ಒಲಿಂಪಿಕ್‌ನ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಕಾಣುವ, ಎಲ್ಲ ಕಡೆ ತಿರುಪು ತಿರುಗಿಸಿ ಹೊಂದಿಸುವ ಬಗೆಯವು, ಬೇರೆಯೇ ಲೋಕದವು. ಮನೆಯ ಕೋವಿಗೆ ಅವುಗಳ ಮಾತು ಬೇಡ.

ಕೊನೆಗೆ ಬಣ್ಣಕ್ಕೆ ಬರೋಣ. ಮರದ ಸ್ಟಾಕಿನಲ್ಲಿ ಬಣ್ಣವೆಂದರೆ ಲೇಪ. ಅಗಸೆ ಎಣ್ಣೆ ಮರದೊಳಕ್ಕೆ ಇಳಿದು ಅದರ ಬಣ್ಣವನ್ನೇ ಆಳಗೊಳಿಸುತ್ತದೆ. ವರ್ಷ ಕಳೆದಂತೆ ಕಪ್ಪುಗಂದಾಗುತ್ತದೆ. ಗೀರು ಬಿದ್ದರೆ ಅದೇ ಜಾಗಕ್ಕೆ ನಾಲ್ಕು ಹನಿ ಹಚ್ಚಿ ಉಜ್ಜಿದರೆ ಸಾಕು. ನೀರಿನ ಆವಿಯನ್ನು ಮಾತ್ರ ಅದು ಚೆನ್ನಾಗಿ ತಡೆಯುವುದಿಲ್ಲ, ಪ್ರತಿ ವರ್ಷ ಮಳೆಗೆ ಮೊದಲು ಮತ್ತೆ ಹಚ್ಚಬೇಕು. ಅರಗಿನ ಪಾಲಿಶ್ ಹೊನ್ನಿನ ಹೊಳಪು ಕೊಡುತ್ತದೆ, ಆದರೆ ನೀರು ನಿಂತ ಕಡೆ ಬೆಳ್ಳಗಾಗುತ್ತದೆ. ಮನೆಯ ಪೂಜಾಕೋಣೆಯಾದ ಕನ್ನಿ ಕೋಂಬರೆಯಲ್ಲಿ ಕೋವಿಗೆ ಗಂಧ ಹಚ್ಚಿ, ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜಿಸುವ ಮನೆಗಳಲ್ಲಿ ಆ ಗಂಧದ ತೇವವೇ ಅರಗಿನ ಮೇಲೆ ಕಲೆ ಉಳಿಸಬಹುದು. ಪೂಜೆ ಮುಗಿದ ಕೂಡಲೇ ಒಣಬಟ್ಟೆಯಿಂದ ಒರೆಸಬೇಕು. ಪಾಲಿಯುರೆಥೇನ್ ವಾರ್ನಿಶ್ ಮೇಲೆ ಬಿದ್ದ ನೀರನ್ನು ಮೂರರಲ್ಲಿ ಹೆಚ್ಚು ತಡೆಯುತ್ತದೆ, ಮೇಲ್ಮೈ ಗಾಜಿನಂತೆ ಹೊಳೆಯುತ್ತದೆ. ಗೀರು ಬಿದ್ದಾಗ ಅದನ್ನು ತೇಪೆ ಹಾಕಿದಂತೆ ಸರಿಪಡಿಸಲಾಗದು, ಪೂರ್ತಿ ಕೆರೆದು ಮತ್ತೆ ಬಳಿಯಬೇಕು. ಹೊಳಪಿಲ್ಲದ ಬಗೆಯ ವಾರ್ನಿಶ್ ಆರಿಸಿದರೆ ನೋಟ ಎಣ್ಣೆಯದಕ್ಕೆ ಹತ್ತಿರವಾಗುತ್ತದೆ. ಘಟ್ಟದ ಸೆರಗಿನಲ್ಲಿ, ಭಾಗಮಂಡಲದಂಥ ಕಡೆ ಇರುವವರಿಗೆ ನಾನು ಇದನ್ನೇ ಹೇಳುತ್ತೇನೆ. ಕುಶಾಲನಗರದ ಕಡೆಯ ಒಣ ಹವೆಯವರಿಗೆ ಎಣ್ಣೆಯೇ ಸಾಕು.

ಯಾವ ಲೇಪವೇ ಆಗಲಿ, ಕಣ್ಣಿಗೆ ಕಾಣದ ಜಾಗಕ್ಕೆ ಮೊದಲು ಕೊಡಬೇಕು. ಬಟ್ಟಿನ ತಗಡಿನ ಅಡಿ, ನಳಿಗೆ ಕೂರುವ ಕಾಲುವೆ, ತಿರುಪಿನ ತೂತುಗಳ ಒಳಮೈ, ಇವು ಎಳೆಯ ತುದಿಗಳು ತೆರೆದ ಜಾಗಗಳಾದ್ದರಿಂದ ನೀರು ಕುಡಿಯುವುದು ಇಲ್ಲಿಂದಲೇ. ಹೊರಗೆ ಹತ್ತು ಪದರ ಹೊಳಪು ಕೊಟ್ಟು ಒಳಗೆ ಬರಿ ಮರ ಬಿಟ್ಟ ಸ್ಟಾಕ್‌ಗಳನ್ನು ಬಿಚ್ಚಿ ನೋಡಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಎಣ್ಣೆಯ ಕೆಲಸವನ್ನು ಡಿಸೆಂಬರಿನಿಂದ ಮಾರ್ಚಿಯೊಳಗೆ ಮುಗಿಸುವುದು ಒಳ್ಳೆಯದು; ಕಾಫಿ ಕೊಯ್ಲಿನ ನಡುವೆ ಯಾರಿಗೂ ಪುರುಸೊತ್ತು ಇರುವುದಿಲ್ಲ ನಿಜ, ಆದರೆ ಜುಲೈಯಲ್ಲಿ ಹಚ್ಚಿದ ಎಣ್ಣೆ ಆಗಸ್ಟ್‌ನಲ್ಲೂ ಅಂಟುತ್ತಿರುತ್ತದೆ. ಅಗಸೆ ಎಣ್ಣೆಯಲ್ಲಿ ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಬಿಚ್ಚಿ ತಂತಿಯ ಮೇಲೆ ಒಣಹಾಕಬೇಕು.

ಫೈಬರಿನಲ್ಲಿ ಬಣ್ಣ ಎರಕದ ಜೊತೆಗೇ ಬೆರೆತಿದ್ದರೆ ಗೀರು ಬಿದ್ದರೂ ಒಳಗೆ ಅದೇ ಬಣ್ಣ. ಮೇಲೆ ಬಳಿದದ್ದಾದರೆ ಚಕ್ಕೆಯೆದ್ದು ಒಳಮೈ ಕಾಣುತ್ತದೆ. ಕೊಳ್ಳುವಾಗ ಬಟ್ಟಿನ ಪ್ಯಾಡ್ ತೆಗೆಸಿ ಅಂಚನ್ನು ನೋಡಿದರೆ ಇದು ಗೊತ್ತಾಗುತ್ತದೆ. ಕಪ್ಪು ಬಣ್ಣ ಬಿಸಿಲಿನಲ್ಲಿ ಕೆನ್ನೆ ಸುಡುವಷ್ಟು ಕಾಯುತ್ತದೆ. ಮೈದಾನದಲ್ಲಿ ಸರದಿಗಾಗಿ ಗಂಟೆಗಟ್ಟಲೆ ಕಾಯುವವರಿಗೆ ಬೂದು ಅಥವಾ ಮಾಸಲು ಹಸಿರು ಮೇಲು. ಎಲೆ-ಕೊಂಬೆಗಳ ಚಿತ್ತಾರದ ಬೇಟೆ ಬಣ್ಣವನ್ನು ಕೇಳುವವರಿಗೆ ನನ್ನ ಪ್ರಶ್ನೆ ಒಂದೇ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯೇ ಇಲ್ಲದ ನಾಡಿನಲ್ಲಿ, ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಕಾಣದಂತೆ ಅಡಗುವ ಅಗತ್ಯವೇನಿದೆ? ತೋಟದ ಪೊದೆಯಲ್ಲಿ ಒರಗಿಸಿಟ್ಟು ಹುಡುಕಾಡುವುದೊಂದೇ ಅದರ ಫಲ.

ನನ್ನ ಆಯ್ಕೆ ಕೇಳಿದರೆ, ಜೋಡಿ ನಳಿಗೆಗೆ ನೇರ ಹಿಡಿಯ ಅಕ್ರೋಟು, ಅಗಸೆ ಎಣ್ಣೆ; ಹಳೆಯ ಬೀಟೆ ತೊಲೆ ಸಿಕ್ಕರೆ ಬೀಟೆ. ಪಂದ್ಯದ .22ಕ್ಕೆ ಬೂದು-ಕಂದು ಪದರ ಸ್ಟಾಕ್. ಏಕೆಂದರೆ ಕೈಲ್‌ಪೊಳ್ದಿನ ಪಂದ್ಯ ಬರುವುದೇ ಮರ ಅತಿ ಹೆಚ್ಚು ತೇವ ಕುಡಿದ ಹೊತ್ತಿನಲ್ಲಿ. ನಿಮ್ಮ ಈಗಿನ .22ರ ನಳಿಗೆ ಮರಕ್ಕೆ ತಾಗದಂತೆ ಕೂರಿಸಿದ್ದಾದರೆ, ಮಾರ್ಚಿಯಲ್ಲಿ ನಳಿಗೆಗೂ ಮರಕ್ಕೂ ನಡುವೆ ಒಂದು ಕಾಗದದ ಪಟ್ಟಿ ಸರಾಗವಾಗಿ ಜಾರುತ್ತದೆಯೇ ನೋಡಿ. ಅದೇ ಪಟ್ಟಿ ಆಗಸ್ಟ್ ಕೊನೆಯಲ್ಲಿ ಸಿಕ್ಕಿಕೊಂಡರೆ ಮರ ಉಬ್ಬಿ ನಳಿಗೆಯನ್ನು ಒತ್ತುತ್ತಿದೆ ಎಂದರ್ಥ, ಗುರಿ ತಪ್ಪುವುದಕ್ಕೆ ಕೈಯನ್ನು ದೂರಿ ಫಲವಿಲ್ಲ.

ಲೀ-ಎನ್‌ಫೀಲ್ಡ್ ಮಾದರಿಯವರಿಗೆ ಒಂದು ಎಚ್ಚರಿಕೆ ಬಾಕಿಯಿದೆ. ಅದರ ಸ್ಟಾಕ್ ಎರಡು ತುಂಡಿನದು, ಬಟ್ಟನ್ನು ಒಳಗಿನ ಉದ್ದನೆಯ ಬೋಲ್ಟ್ ಹಿಡಿದಿರುತ್ತದೆ. ಹಳೆಯ ನಂಬರ್ 1 ಮಾದರಿಯಲ್ಲಿ ಆ ಬೋಲ್ಟಿನ ಚೌಕ ತುದಿ ಮುಂಭಾಗದ ಮರದ ಹಿಂದಿರುವ ತಗಡಿಗೆ ಸಿಕ್ಕಿಕೊಂಡಿರುವುದರಿಂದ, ಮುಂಭಾಗದ ಮರವನ್ನು ಮೊದಲು ಬಿಚ್ಚದೆ ಬೋಲ್ಟ್ ತಿರುಗಿಸಿದರೆ ಒಳ್ಳೆಯ ಮರವೂ ಸೀಳುತ್ತದೆ. ಬಿಚ್ಚಿದ ಹಳೆಯ ಸ್ಟಾಕನ್ನು ಅಂಗಡಿಯಲ್ಲೇ ಬಿಟ್ಟುಬರಬೇಡಿ, ಒಲೆಗೂ ಹಾಕಬೇಡಿ. ಹೊಸದರ ಏಣು, ಉದ್ದ, ಬಾಗು ಎಲ್ಲದಕ್ಕೂ ಅಳತೆ ಸಿಗುವುದು ಅದರಲ್ಲೇ, ಮುಂದೆಂದಾದರೂ ಹೊಸದು ಹೊಂದದೆ ಹೋದಾಗ ಮತ್ತೆ ಹುಡುಕುವುದೂ ಅದನ್ನೇ.